ಕುಂತಲ್ಲಿ ಕುಂದ್ರದಾಕಿ

ಐವತ್ತು ದಾಟಿದ ಮೇಲೆ ನನ್ನನ್ನು ಮತ್ತೆ ಓದಲು ಹಚ್ಚಿದ್ದಾರೆ. ಹಳೆಯ ದಂಡ ಸಂಹಿತೆ ಹೋಗಿ ಹೊಸದು ಬಂದಿದೆ, ಕಲಮುಗಳ ನಂಬರೆಲ್ಲ ಅದಲುಬದಲಾಗಿವೆ. ಊರಿನ ಸಣ್ಣ ಮಕ್ಕಳೂ ಬೈಗುಳದಂತೆ ಬಳಸುತ್ತಿದ್ದ ನಾನೂರಾ ಇಪ್ಪತ್ತು ಈಗ ಮೋಸದ ಕಲಮೇ ಅಲ್ಲ. ಕುಷ್ಟಗಿ ಕೋರ್ಟಿನ ವಕೀಲರ ಕೋಣೆಯಲ್ಲಿ ಎಲ್ಲರೂ ಹೊಸ ಪುಸ್ತಕದ ಮುಂದೆ ತಲೆ ಬಗ್ಗಿಸಿ ಕೂತಿರುತ್ತಾರೆ. ನಾನು ಹೊರಗೆ ವರಾಂಡದಲ್ಲಿ ನಾಲ್ಕು ಹಾಳೆ ಕೈಯಲ್ಲಿ ಹಿಡಿದು ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಿರುತ್ತೇನೆ. ಮೊನ್ನೆ ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಒಳ್ಳೆಯ ಮನಸ್ಸಿನಿಂದಲೇ, ಒಂದು ಕುರ್ಚಿ ತಂದು ಇಟ್ಟಳು.

"ಮೇಡಂ, ಕುಂತು ಓದ್ರಿ. ತಲಿಗೆ ಛಲೋ ಹತ್ತತೈತಿ."

"ತಂಗಿ, ನನಗ ತಲಿಗೆ ಹತ್ತೋದು ಕಾಲಿಂದ," ಅಂದೆ.

ಅವಳು ನಕ್ಕಳು. ನಾನು ನಗೆಗೆ ಹೇಳಿರಲಿಲ್ಲ. 'ಕುಂತು ಓದು' ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿ, ಅದರ ಜೊತೆ ಜಗಳವಾಡಿ, ಅದನ್ನು ಸುಳ್ಳು ಮಾಡಿಯೇ ನಾನು ಈ ಕರಿ ಕೋಟು ಹಾಕಿಕೊಂಡಿದ್ದು. ಅದು ಹೇಗೆ ಅಂತ ಹೇಳಬೇಕಾದರೆ ಹನುಮಸಾಗರದ ನಮ್ಮ ಮನೆಯ ಹೊಸ್ತಿಲಿನಿಂದ ಶುರು ಮಾಡಬೇಕು.

ನಮ್ಮದು ನೇಕಾರರ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ. ಪಡಸಾಲೆಯ ನೆಲದಲ್ಲೇ ಎರಡು ಕುಣಿ, ಎರಡು ಮಗ್ಗ. ಕುಣಿಯ ದಂಡೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಓಡಿಸುತ್ತ ಇಳಕಲ್ಲ ಸೀರೆ ನೇಯಬೇಕು. ಒಂದು ಮಗ್ಗ ಅಪ್ಪನದು, ಇನ್ನೊಂದು ಅಣ್ಣ ಬಸಣ್ಣನದು. ಎದುರಿನ ಗೋಡೆಗೆ ಬೆನ್ನು ಹಚ್ಚಿ, ರಾಟಿ ಮುಂದಿಟ್ಟುಕೊಂಡು, ಅಪ್ಪನ ಅಕ್ಕ ಗಂಗತ್ತಿ ಕೂಡುತ್ತಿದ್ದಳು. ಲಡಿಯ ನೂಲನ್ನು ಕಂಡಿಕೆಗೆ ಸುತ್ತುವುದು ಅವಳ ಕೆಲಸ. ಕಂಡಿಕೆ ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂಡುವ ಬೆರಳುದ್ದದ ಕೊಳವೆ. ಅದರ ನೂಲು ಮುಗಿಯಿತೆಂದರೆ ಇನ್ನೊಂದು ಬೇಕು. ಅವ್ವ ಒಲೆಯ ಮುಂದೆ ಕೂಡುತ್ತಿದ್ದಳು, ಒಲೆ ಬಿಟ್ಟು ಬಂದರೆ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಜೋಡಿಸಲು ಕೂಡುತ್ತಿದ್ದಳು. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಕೂಡುವುದೇ ನಮ್ಮ ಮನೆಯ ಕಸುಬು, ಕೂಡುವುದೇ ಧರ್ಮ. ಬೀಗರ ಬಗ್ಗೆ ಮಾತು ಬಂದರೂ ಅಪ್ಪ ಹೊಗಳುತ್ತಿದ್ದ ರೀತಿ ಒಂದೇ: "ಕುಂತಾ ಅಂದ್ರ ಏಳಂಗಿಲ್ಲ ನೋಡು, ಮನಷ್ಯಾ ಅಂದ್ರ ಹಂಗಿರಬೇಕು."

ಅಂಥ ಮನೆಯಲ್ಲಿ ನಾನು ಹುಟ್ಟಿದೆ. ನನ್ನ ಹೆಸರು ನಾಗರತ್ನ, ಮನೆಯಲ್ಲಿ ರತ್ನಿ, ಸಿಟ್ಟು ಬಂದಾಗ 'ಕುಂತಲ್ಲಿ ಕುಂದ್ರದಾಕಿ'. ಊಟಕ್ಕೆ ಕೂತರೆ ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ಬರುತ್ತಿದ್ದೆ. ಎಳೆ ಜೋಡಿಸಲು ಕೂರಿಸಿದರೆ ಮೊದಲಿನ ನೂರು ಎಳೆ ಚಿನ್ನದಂಥ ಕೆಲಸ, ಮುಂದಿನ ನೂರರಲ್ಲಿ ನಾಲ್ಕು ಎಳೆ ಮಾಯ. ಪುಸ್ತಕ ಹಿಡಿದರೂ ಅದೇ ಹಾಡು. ಕಣ್ಣು ಸಾಲಿನ ಮೇಲೆ ನಡೆದಿರುತ್ತಿತ್ತು, ಮನಸ್ಸು ಮಾತ್ರ ಓಣಿ ಸುತ್ತಿ, ಹಳ್ಳಕ್ಕೆ ಹೋಗಿ, ಯಾರ ಮನೆಯಲ್ಲಿ ಏನು ಒಗ್ಗರಣೆ ಅಂತ ವಾಸನೆ ನೋಡಿಕೊಂಡು ಪುಟದ ಕೊನೆಗೆ ವಾಪಸು ಬರುತ್ತಿತ್ತು. ಈಗಿನ ಡಾಕ್ಟರರು ಇದಕ್ಕೊಂದು ಹೆಸರು ಇಟ್ಟಿದ್ದಾರಂತೆ, ಗುಳಿಗೆಯೂ ಇದೆಯಂತೆ. ನಮ್ಮ ಮನೆಯಲ್ಲಿ ಹೆಸರು ಆಗಲೇ ಇತ್ತು, ಗುಳಿಗೆಯೂ ಇತ್ತು. ಏಳನೆಯ ತರಗತಿಯ ಪರೀಕ್ಷೆಯ ಮುಂದೆ ಅಪ್ಪ ಮಗ್ಗದ ಹುರಿ ತಂದು ನನ್ನ ಸೊಂಟಕ್ಕೆ ಸುತ್ತಿ ಪಡಸಾಲೆಯ ಕಂಬಕ್ಕೆ ಕಟ್ಟಿದ. ತೊಡೆಯ ಮೇಲೆ ಪುಸ್ತಕ ಇಟ್ಟ.

"ಇನ್ನ ಹ್ಯಾಂಗ ಏಳತಿ ನೋಡ್ತೀನಿ. ಓದು."

ಏಳಲಿಲ್ಲ, ಖರೆ. ಓದಲೂ ಇಲ್ಲ. ಮೂರು ದಿನ ಕಟ್ಟಿದ, ಮೂರು ದಿನದಲ್ಲಿ ನಾನು ಕಲಿತದ್ದು ನೇಕಾರರ ಗಂಟನ್ನು ಬೆನ್ನ ಹಿಂದೆ ಕೈಯಿಟ್ಟು ಬಿಚ್ಚುವುದು. ನಾಲ್ಕನೆಯ ದಿನ ಗಂಗತ್ತಿ ರಾಟಿ ನಿಲ್ಲಿಸಿ, "ಇರುಪಾಕ್ಷಿ, ಅದೇನ ಆಕಳ ಕರಾ ಅಲ್ಲ" ಅಂದಳು. ಅಕ್ಕನ ಮಾತು ಮೀರುವ ರೂಢಿ ಅಪ್ಪನಿಗೆ ಇರಲಿಲ್ಲ, ಹುರಿ ಬಿಚ್ಚಿದ. ಅದೇ ಹೊತ್ತಿಗೆ ಬಸಣ್ಣ ಇದ್ದನಲ್ಲ, ಕೂಡುವುದರಲ್ಲಿ ಅವನು ದೇವರಂಥವನು. ಪುಸ್ತಕದ ಮುಂದೆ ಕೂತರೆ ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡುತ್ತಿರಲಿಲ್ಲ. ಅಪ್ಪ ಬಂದವರಿಗೆಲ್ಲ ಅವನನ್ನು ತೋರಿಸುತ್ತಿದ್ದ. ಹತ್ತನೆಯ ತರಗತಿಯಲ್ಲಿ ಅಣ್ಣ ಮೂರು ಸಲ ಫೇಲಾದ, ಮೂರು ಸಲವೂ ಅದೇ ಜಾಗದಲ್ಲಿ ಕೂತು ಓದಿಯೇ ಫೇಲಾದ. ಅವನು ಬಹಳ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು ಬಿದ್ದಾಗ ಮನೆಯಲ್ಲಿ "ಪಾಪ, ದೈವ" ಅಂದರು. ನಾನು ಎರಡು ಅಂಕ ಕಡಿಮೆ ತಂದರೆ "ಕುಂತು ಓದಿದ್ರ ಬರ್ತಿದ್ವು" ಅಂದರು. ಈ ಅನ್ಯಾಯ ನನಗೆ ಹನ್ನೆರಡನೆಯ ವಯಸ್ಸಿಗೇ ತಿಳಿಯಿತು, ಇಂದಿಗೂ ಮರೆತಿಲ್ಲ.

ಕೂಡಲಾರದವಳಿಗೆ ಮನೆಯವರು ಒಂದು ಕೆಲಸ ಹುಡುಕಿದ್ದರು. ಗಂಗತ್ತಿ ತುಂಬಿಸಿದ ಕಂಡಿಕೆಗಳನ್ನು ಮಗ್ಗಕ್ಕೆ ಮುಟ್ಟಿಸುವುದು, ಬರಿದಾದವನ್ನು ತಂದು ಅವಳ ಬುಟ್ಟಿಗೆ ಹಾಕುವುದು. ಅಪ್ಪ ನೇಯುವಾಗ ಕಣ್ಣು ಎಳೆಯ ಮೇಲಿಂದ ತೆಗೆಯುತ್ತಿರಲಿಲ್ಲ. ಕಂಡಿಕೆ ಮುಗಿದರೆ ತಿರುಗಿ ನೋಡದೆ ಬಲಗೈ ಹಿಂದಕ್ಕೆ ಚಾಚುತ್ತಿದ್ದ. ಆ ಅಂಗೈಯಲ್ಲಿ ನಾನು ತುಂಬಿದ ಕಂಡಿಕೆ ಇಡಬೇಕು. ಬಣ್ಣ ಸರಿಯಿದೆಯೋ ಇಲ್ಲವೋ ಅಂತ ಅವನು ನೋಡುವುದಿಲ್ಲ. ಅದನ್ನು ನೋಡುವುದು ಕೊಡುವವರ ಜವಾಬ್ದಾರಿ. ನೇಕಾರರ ಮನೆಗಳಲ್ಲಿ ಇದು ಹೇಳಿಕೊಡದೆಯೇ ಬರುವ ರಿವಾಜು. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಮುಂದೆ ಕುಷ್ಟಗಿಯ ಕಾಲೇಜಿಗೆ ಬಸ್ಸು ಹಿಡಿಯುವ ಮುಂಚೆ, ನಾನು ಮಾಡಿದ್ದು ಇದೇ ಓಡಾಟ.

ಬಿ.ಎ. ಮುಗಿದಾಗ ವಕೀಲಿ ಓದಿಸಬೇಕು ಅಂತ ಹಟ ಹಿಡಿದವಳು ಗಂಗತ್ತಿ. ಅವಳದೊಂದು ಕತೆ ಇತ್ತು. ಗಂಡ ಸತ್ತ ವರ್ಷವೇ ಅತ್ತೆಯ ಮನೆಯವರು ಅವಳ ಮೈಮೇಲಿನ ಬಂಗಾರ 'ಜ್ವಾಪಾನ ಇಡ್ತೀವಿ' ಅಂತ ಬಿಚ್ಚಿಸಿಕೊಂಡು, ಒಂದು ಕೈಚೀಲ ಕೊಟ್ಟು ತವರಿಗೆ ಕಳಿಸಿದ್ದರು. ಆ ಬಂಗಾರ ಅವಳ ಅವ್ವ ಹಾಕಿದ್ದು. ಅಜ್ಜ ಬದುಕಿರುವಾಗ ಒಬ್ಬ ವಕೀಲನನ್ನು ಹಿಡಿದು ಕೋರ್ಟಿಗೂ ಹೋಗಿದ್ದರಂತೆ, ಏನೂ ಆಗಲಿಲ್ಲ.

"ಆ ವಕೀಲ ನನ್ನ ಮುಂದ ನಿಂತು ಏನೇನೋ ಮಾತಾಡಿದ. ನನ್ನ ಬಂಗಾರದ ಮಾತು, ನನಗ ಒಂದೂ ತಿಳೀಲಿಲ್ಲ. ತಿಳಿಯೋ ಹಂಗ ಹೇಳೋ ವಕೀಲ್ತಿ ಒಬ್ಬಾಕಿ ನಮ್ಮ ಮನ್ಯಾಗ ಆಗ್ಲಿ, ಇರುಪಾಕ್ಷಿ."

ಅಪ್ಪ ಒಪ್ಪಿದ. ಒಪ್ಪಿದ ಅಂದರೆ ಅಕ್ಕನ ಮುಖ ನೋಡಿ ಸುಮ್ಮನಾದ. ವಾರಕ್ಕೆ ನಾಲ್ಕು ದಿನ ಕುಷ್ಟಗಿಯಿಂದಾಚೆ ಇನ್ನೊಂದು ಬಸ್ಸು ಹಿಡಿದು ಕಾನೂನು ಕಾಲೇಜು, ಉಳಿದ ದಿನ ಮನೆ. ಬಾಕಿ ಎಲ್ಲ ವಿಷಯ ಹೇಗೋ ದಾಟಿದವು. ಅಪರಾಧ ಕಾನೂನಿನ ಪತ್ರಿಕೆ ಮಾತ್ರ ದಾಟಲಿಲ್ಲ. ಐನೂರಕ್ಕೂ ಮಿಕ್ಕಿ ಕಲಮು, ಒಂದೊಂದಕ್ಕೂ ವಿವರಣೆ, ಹೊರತು, ಉದಾಹರಣೆ. ಮೊದಲ ಸಲ ನಾನು ಅಪ್ಪ ಹೇಳಿದಂತೆಯೇ ಓದಿದೆ. ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಬಾಗಿಲು ಎಳೆದುಕೊಂಡು, ಕುಂಡಿ ಊರಿ, ತಿಂಗಳುಗಟ್ಟಲೆ. ಫೇಲು. ಎರಡನೆಯ ಸಲ ಇನ್ನೂ ಹೆಚ್ಚು ಕೂತೆ. ಅಂಕ ಇನ್ನೂ ಕಡಿಮೆ ಬಂದವು. ಫಲಿತಾಂಶ ತಿಳಿದ ದಿನ ಅವ್ವ ಪುಂಡಿಪಲ್ಯ ಮಾಡಿದ್ದಳು, ನನಗೆ ಬಹಳ ಇಷ್ಟ ಅಂತ. ರೊಟ್ಟಿ ಮುರಿಯುವ ಸದ್ದು ಕೇಳುತ್ತ ಕೂತು ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಮಾರನೆಯ ದಿನ ಬೆಳಿಗ್ಗೆ ನಾನು ದಂಡ ಸಂಹಿತೆಯ ಪುಸ್ತಕದ ಬೆನ್ನು ಮುರಿದು ಹಾಳೆ ಹಾಳೆ ಹರಿದೆ. ಹಟದಿಂದಲೇ ಹರಿದೆ. ಒಂದು ಹಾಳೆ ಹಿಟ್ಟಿನ ಡಬ್ಬಿಯ ಮೇಲೆ ಅಂಟಿಸಿದೆ, ಒಂದು ಹಿತ್ತಿಲ ಬಾಗಿಲಿಗೆ, ಒಂದು ಬಚ್ಚಲ ಗೋಡೆಗೆ, ಉಳಿದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವ್ವ ನೋಡಿ ಎರಡೂ ಕೈ ಕೆನ್ನೆಗೆ ಬಡಿದುಕೊಂಡಳು.

"ಸರಸ್ವತಿನ್ನ ಹರದ್ಯಲ್ಲ ನಮ್ಮವ್ವಾ. ಇನ್ನ ಎಲ್ಲಿ ವಿದ್ಯಾ ಹತ್ತತೈತಿ ನಿನಗ."

"ಇಡೀ ಪುಸ್ತಕಾಗಿ ಕುಂತಾಗ ಹತ್ತಲಿಲ್ಲಲ್ಲಬೇ. ಈಗ ತುಂಡು ತುಂಡಾಗಿ ಅಡ್ಡಾಡ್ಲಿ, ನನ್ನ ಗತೆ."

ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಹರಿದ ಹಾಳೆಗಳಿಗೆ ಕಾಲು ತಾಗಬಾರದು ಅಂತ ಬಚ್ಚಲ ಗೋಡೆಯದನ್ನು ಮಾತ್ರ ತಾನೇ ಕಿತ್ತು ಎತ್ತರಕ್ಕೆ ಅಂಟಿಸಿದಳು.

ಗಂಗತ್ತಿಗೆ ಓದು ಬರಹ ಬರುತ್ತಿರಲಿಲ್ಲ, ಆದರೂ ನನ್ನ ಓದಿಗೆ ಅವಳೇ ಜೊತೆಯಾದಳು, ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡೆವು. ಅವಳು ಒಂದು ಕಂಡಿಕೆ ತುಂಬಿಸುವಷ್ಟರಲ್ಲಿ ನಾನು ಪಕ್ಕದಲ್ಲಿ ನಿಂತು ಒಂದು ಕಲಮು ಓದಿ, ಅದನ್ನು ನಮ್ಮ ಮಾತಿನಲ್ಲಿ ಅವಳಿಗೆ ಹೇಳಬೇಕು. ಕಂಡಿಕೆ ತುಂಬಿದ ಕೂಡಲೇ ಓಡಿಹೋಗಿ ಅಪ್ಪನ ಕೈಯಲ್ಲಿಟ್ಟು, ದಾರಿಯಲ್ಲಿ ಅದೇ ಕಲಮನ್ನು ಬಾಯಲ್ಲಿ ಅಂದುಕೊಂಡು, ವಾಪಸು ಬರುವಷ್ಟರಲ್ಲಿ ಅವಳು ಅದಕ್ಕೊಬ್ಬ ಆರೋಪಿಯನ್ನು ಹುಡುಕಿ ಇಟ್ಟಿರುತ್ತಿದ್ದಳು. ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ ಆಗದ ಅಪರಾಧವೇ ಇರಲಿಲ್ಲ. ಅವ್ವ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ಬೆಲ್ಲ ಬಸಣ್ಣ ತಿಂದಿದ್ದು ಮುನ್ನೂರಾ ಎಂಬತ್ತು, ವಾಸದ ಮನೆಯಲ್ಲಿ ಕಳವು. ಪಕ್ಕದ ಮನೆಯ ಸಂಗವ್ವ ಅವ್ವನಿಗೆ "ನಿನ್ನ ಹಲ್ಲು ಮುರೀತೀನಿ" ಅಂದಿದ್ದು ಐನೂರಾ ಆರು. ಅಪ್ಪ ನನ್ನನ್ನು ಕಂಬಕ್ಕೆ ಕಟ್ಟಿದ್ದು ಮುನ್ನೂರಾ ನಲವತ್ತೆರಡು, ಅಕ್ರಮ ಬಂಧನ, ಒಂದು ವರ್ಷದವರೆಗೆ ಸಜೆ. ಇದನ್ನು ಹೇಳಿದಾಗ ಅತ್ತಿ ಅಪ್ಪನ ಕಡೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಂದೊಂದು ಸಲ ನನ್ನ ಮೇಷ್ಟರೂ ಕೇಳದ ಪ್ರಶ್ನೆ ಕೇಳುತ್ತಿದ್ದಳು.

"ಸಂಗವ್ವನ ಆಡು ಬಂದು ನಮ್ಮ ಲಡಿ ತಿಂತಲ್ಲ, ಅದು ಯಾವುದು?"

"ಆಡಿಗೆ ಕಲಮು ಇಲ್ಲ ಅತ್ತಿ."

"ಆಡು ಬಿಟ್ಟಾಕಿಗೆ?"

"ಬೇಕಂತ ಬಿಟ್ಟಿದ್ರ ಐತಿ. ಮರ್ತು ಬಿಟ್ಟಿದ್ರ ಇಲ್ಲ."

"ಬೇಕಂತನ ಬಿಟ್ಟಾಳ ಅಂತ ಹ್ಯಾಂಗ ತೋರಸ್ತಿ?"

ಅಪರಾಧದಲ್ಲಿ ಉದ್ದೇಶ ಅನ್ನುವುದು ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಆ ಆಡಿನಿಂದ. ಕತ್ತಲೆ ಕೋಣೆಯಲ್ಲಿ ಇಪ್ಪತ್ತು ಸಲ ಓದಿದರೂ ತಿಳಿದಿರಲಿಲ್ಲ. ತೊಂಬತ್ತೈದನೆಯ ಕಲಮು, ಅತಿ ಸಣ್ಣ ತೊಂದರೆ ಅಪರಾಧವಲ್ಲ ಅನ್ನುವುದು, ಹೇಳಿದಾಗ "ಹಂಗಾದ್ರ ನಿಮ್ಮಪ್ಪ ದಿನಾ ಕೂಗಾಡೋದೆಲ್ಲ ಇದರಾಗ ಹೋತು ಬಿಡು" ಅಂದಳು. ಹೀಗೆ ನಗುತ್ತ ನಗುತ್ತ ಒಂದು ಮಧ್ಯಾಹ್ನ ನಾನೂರಾ ಆರಕ್ಕೆ ಬಂದೆವು. ನಂಬಿಕೆಯಿಂದ ಕೊಟ್ಟಿದ್ದನ್ನು ಕೊಡದೆ ನುಂಗಿ ಹಾಕುವುದು. ನಾನು ವಿಚಾರ ಮಾಡದೆ ಓದಿ ಹೇಳಿಬಿಟ್ಟೆ. ರಾಟಿ ನಿಂತಿತು.

"ಇಡಾಕ ಅಂತ ಇಸ್ಕೊಂಡು ಕೊಡದಿದ್ರೂ ಗುನ್ನೇನ ಅಂತೇನು?"

"ಹೌದತ್ತಿ."

"ಇದು ಆಗೂ ಇತ್ತೇನು? ನನ್ನ ಕಾಲಕ್ಕ?"

"ಇತ್ತು ಅತ್ತಿ. ಭಾಳ ಹಿಂದಿಂದು."

"ಯಾರೂ ಹೇಳಲಿಲ್ಲ," ಅಂದಳು. ಅವಳ ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆ ಹಾಗೇ ಇತ್ತು. ಅವತ್ತು ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಸಿಟ್ಟಿನಲ್ಲಿಯೇ ನಾನು ತುಂಬಿದ ಕಂಡಿಕೆಗಳ ಬುಟ್ಟಿಗೆ ಕೈ ಹಾಕಿದೆ, ಅಪ್ಪನ ಚಾಚಿದ ಕೈಯಲ್ಲಿ ಕಂಡಿಕೆ ಇಟ್ಟೆ. ಬಣ್ಣ ನೋಡಲಿಲ್ಲ.

ಅಪ್ಪ ನೇಯುತ್ತಿದ್ದದ್ದು ಕರಿ ಒಡಲಿನ ಸೀರೆ. ನಾನು ಕೊಟ್ಟದ್ದು ಕಡುನೀಲಿ. ಪಡಸಾಲೆಯ ಮಬ್ಬಿನಲ್ಲಿ ಎರಡೂ ಒಂದೇ. ಹೊತ್ತು ವಾಲಿ ಬೆಳಕಿಂಡಿಯ ಬಿಸಿಲು ಮಗ್ಗದ ಮೇಲೆ ಬೀಳುವಷ್ಟರಲ್ಲಿ ಅವನು ಒಂದು ಗೇಣಿಗಿಂತ ಹೆಚ್ಚು ನೇಯ್ದಿದ್ದ. ಬಿಸಿಲಿನಲ್ಲಿ ಕರಿಯ ನಡುವೆ ನೀಲಿ ಪಟ್ಟಿ ಎದ್ದು ಕಂಡಿತು. ಲಾಳಿಯ ಸದ್ದು ನಿಂತಿತು, ಬಸಣ್ಣನ ಮಗ್ಗವೂ ನಿಂತಿತು. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ರೂಢಿಯಿತ್ತು. ಒಂದೊಂದೇ ಎಳೆ ಹಿಂದಕ್ಕೆ ಬಿಚ್ಚುತ್ತ, ಮುಖ ಎತ್ತದೆ ಹೇಳಿದ.

"ನಲವತ್ತು ವರ್ಷ ಆತು ಮಗ್ಗಕ್ಕ ಕುಂತು. ಕೊಟ್ಟವರ ಕೈ ಒಂದ ದಿನ ನೋಡಿಲ್ಲ ನಾನು. ಇನ್ನ ನಿನ್ನ ಕೈ ನೋಡಬೇಕಾಕ್ಕೈತಿ."

"ತಪ್ಪಾತಪ್ಪಾ."

"ತಪ್ಪು ನಂದು. ಕುಂದ್ರಲಾರದಾಕಿಗೆ ಓದು ಹಚ್ಚಿದೆ. ಇದೊಂದು ಸಲ ಬರಿ. ಈ ಸಲ ಬಿದ್ದಿ ಅಂದ್ರ ಮುಗೀತು. ಇಳಕಲ್ಲಿಂದ ನಿನ್ನ ಲಗ್ನಕ್ಕ ಕೇಳಾಕ ಹತ್ಯಾರ, ಛಲೋ ಮಗ್ಗದ ಮನಿ. ಅಲ್ಲಿಗೆ ಹೋಗಿ ಕುಂದ್ರು."

"ಪಾಸಾದ್ರ?"

"ಪಾಸಾದ್ರ ನಿನ್ನ ದಾರಿಗೆ ನಾ ಅಡ್ಡ ಬರಂಗಿಲ್ಲ."

ಈ ಮಾತಿಗೆ ಗಂಗತ್ತಿ ಸಾಕ್ಷಿ, ಬಸಣ್ಣ ಸಾಕ್ಷಿ. ನೀಲಿ ಎಳೆ ಬಿಚ್ಚಿ ಮುಗಿಸಲು ಅಪ್ಪನಿಗೆ ಇಡೀ ಮರುದಿನ ಹಿಡಿಯಿತು. ನಾನು ಹೋಗಿ ಪಕ್ಕಕ್ಕೆ ನಿಂತೆ, ಕೈ ಹಚ್ಚಗೊಡಲಿಲ್ಲ. ಆ ತಪ್ಪು ನನ್ನದೇ, ಅದನ್ನು ಯಾರ ಮೇಲೂ ಹಾಕುವುದಿಲ್ಲ. ಆದರೆ ಒಂದು ತಪ್ಪಿಗೆ ಇಡೀ ಜೀವನ ಕುಣಿಯಲ್ಲಿ ಕೂರಿಸುವ ಶಿಕ್ಷೆ ಯಾವ ಸಂಹಿತೆಯಲ್ಲೂ ಇಲ್ಲ ಅಂತ ನಾನು ಹಿತ್ತಿಲಲ್ಲಿ ಅಡ್ಡಾಡುತ್ತ ನನಗೆ ನಾನೇ ಹೇಳಿಕೊಂಡೆ. ಅಲ್ಲಿಂದ ಮುಂದೆ ಪ್ರತಿ ಕಂಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ ಕೊಟ್ಟೆ, ಪ್ರತಿ ಕಲಮನ್ನು ನಡೆಯುತ್ತಲೇ ಓದಿದೆ. ಕತ್ತಲೆ ಕೋಣೆಗೆ ಕಾಲಿಡಲಿಲ್ಲ.

ಪರೀಕ್ಷೆಯ ಕೇಂದ್ರ ಗಂಗಾವತಿಯಲ್ಲಿ ಬಿದ್ದಿತ್ತು. ನಸುಕಿನ ಬಸ್ಸಿಗೆ ಹೋದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನೋಡಿದರೆ ಮುಕ್ಕಾಲು ಪಾಲು ಗೊತ್ತಿರುವವೇ. ಮೊದಲ ಉತ್ತರ ಬರೆದೆ, ಎರಡನೆಯದು ಅರ್ಧ ಬರೆದೆ, ಅಷ್ಟರಲ್ಲಿ ನನ್ನ ಹಳೆಯ ರೋಗ ಎದ್ದಿತು. ಕಾಲಿನಲ್ಲಿ ಇರುವೆ ಹರಿದಾಡಿದ ಹಾಗೆ. ಕಣ್ಣು ಹಾಳೆಯ ಮೇಲಿದೆ, ಮನಸ್ಸು ಹೊರಗೆ ಭತ್ತದ ಲಾರಿಗಳನ್ನು ಎಣಿಸುತ್ತಿದೆ. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು. ಗೊತ್ತಿದ್ದದ್ದೂ ಕೂತ ಜಾಗದಲ್ಲೇ ಹೆಪ್ಪುಗಟ್ಟಿತ್ತು. ಈ ಸಲ ನಾನು ಎದ್ದು ನಿಂತೆ. ನನ್ನದು ಕೊನೆಯ ಬೆಂಚು, ಪಕ್ಕದಲ್ಲೇ ಎದೆಮಟ್ಟದ ಕಿಟಕಿಕಟ್ಟೆ. ಉತ್ತರಪತ್ರಿಕೆಯನ್ನು ಅದರ ಮೇಲಿಟ್ಟು ನಿಂತು ಬರೆಯತೊಡಗಿದೆ. ಮೇಲ್ವಿಚಾರಕರು ಓಡಿ ಬಂದರು.

"ಏನಮ್ಮ ಇದು, ಕುಂದ್ರು. ಪರೀಕ್ಷಾ ನಡದೈತಿ."

"ಪರೀಕ್ಷಾನ ಬರ್ಯಾಕ ಹತ್ತೀನ್ರಿ ಸರ್. ಕುಂತ್ರ ನನಗ ಬರೆಯಾಕ ಆಗಂಗಿಲ್ಲ."

"ಹಂಗ ನಡಿಯಂಗಿಲ್ಲ. ನಿಯಮ ಐತಿ."

ಅಂಜಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಹೊರಗೆ ಹಾಕಿದರೆ ಅಲ್ಲಿಗೆ ಇಳಕಲ್ಲೇ ಗತಿ. ಆದರೂ ಹಾಲ್‌ ಟಿಕೆಟ್‌ ತಿರುಗಿಸಿ ಹಿಂದಿನ ಸೂಚನೆಗಳನ್ನು ಅವರ ಮುಂದೆ ಹಿಡಿದೆ.

"ಇದ್ರಾಗ ಕುಂತ ಬರೀಬೇಕು ಅಂತ ಎಲ್ಲಿ ಐತಿ ತೋರಸ್ರಿ ಸರ್. ತೋರಿಸಿದ್ರ ಈಗಿಂದೀಗ ಕುಂದರ್ತೀನಿ."

ಅವರು ಹಿರಿಯ ಅಧಿಕಾರಿಯನ್ನು ಕರೆದರು. ಕನ್ನಡಕದ ಮುದುಕರು, ಸಾವಕಾಶ ಬಂದರು, ಸೂಚನೆಗಳನ್ನು ಒಂದರಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಚೀಟಿ ತರಬಾರದು, ಮಾತಾಡಬಾರದು, ಅರ್ಧ ಗಂಟೆಯೊಳಗೆ ಹೊರಗೆ ಹೋಗಬಾರದು. ಕೂತಿರಬೇಕು ಅಂತ ಯಾರೂ ಬರೆದಿರಲಿಲ್ಲ, ಯಾಕೆಂದರೆ ನನ್ನಂಥವಳೊಬ್ಬಳು ಬರುತ್ತಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮುದುಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಯಾವ ಪತ್ರಿಕಾ ಇದು?"

"ಅಪರಾಧ ಕಾನೂನು ರೀ."

"ಮತ್ತ ಇನ್ನೇನು," ಅಂದರು. "ನಿಂತ ಬರಿ. ತಿರಗ್ಯಾಡಬ್ಯಾಡ."

ಇಡೀ ಕೋಣೆಯ ಹುಡುಗರು ನನ್ನನ್ನು ನೋಡಿ ಕಿಸಕ್ಕೆಂದರು. ನಗಲಿ ಅಂದೆ. ಅಕ್ರಮ ತಡೆಗೂ ಅಕ್ರಮ ಬಂಧನಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಬರೆಯಿರಿ ಅಂತ ಕೇಳಿದ್ದರು. 'ಎ ಎಂಬಾತನು ತನ್ನ ಮಗಳಾದ ಝಡ್‌ ಎಂಬಾಕೆಯನ್ನು, ಓದಲಿ ಎಂಬ ಸದುದ್ದೇಶದಿಂದ, ಹುರಿಯಿಂದ ಕಂಬಕ್ಕೆ ಕಟ್ಟುತ್ತಾನೆ' ಎಂದು ಬರೆದೆ. ಬರೆಯುವಾಗ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸದುದ್ದೇಶ ಎಂಬ ಪದವನ್ನು ಒಂದು ಸಲ ಹೊಡೆದುಹಾಕಿದೆ, ಆಮೇಲೆ ಮತ್ತೆ ಬರೆದೆ. ಕೊನೆಯ ಗಂಟೆ ಹೊಡೆಯುವವರೆಗೆ ನಿಂತೇ ಇದ್ದೆ.

ಫಲಿತಾಂಶ ಬರಲು ಎರಡು ತಿಂಗಳು ಹಿಡಿಯಿತು. ಕಾಲೇಜಿನ ಫಲಕದ ಮೇಲೆ ನನ್ನ ನಂಬರಿನ ಮುಂದೆ ಐವತ್ತಾರು. ಎರಡು ಸಲ ನೋಡಿದೆ, ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗನಿಗೂ ಒಂದು ಸಲ ಓದಲು ಹೇಳಿದೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕುಷ್ಟಗಿಯವರೆಗೆ ನಿಂತೇ ಬಂದೆ, ಅಲ್ಲಿಂದ ಹನುಮಸಾಗರಕ್ಕೂ ನಿಂತೇ ಬಂದೆ. ಮನೆಗೆ ಬಂದು ಹೊಸ್ತಿಲಲ್ಲೇ "ಪಾಸಾದೆ" ಅಂದೆ. ಗಂಗತ್ತಿ ರಾಟಿಯ ಮುಂದಿನಿಂದ ಏಳಲು ಹೋಗಿ ಸೆರ‍ಗು ಸಿಕ್ಕಿಕೊಂಡು ಮತ್ತೆ ಕೂತಳು, ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬಸಣ್ಣ ಮಗ್ಗ ಬಿಟ್ಟು ಬಂದು ನನ್ನ ತಲೆಗೆ ಒಂದು ಮೊಟಕಿದ. ಅವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಲಾಳಿ ಕೈಯಲ್ಲಿ ಹಿಡಿದು ಕೂತಿದ್ದ.

"ಏನಾತಬೇ?" ಅಂತ ಅವ್ವನನ್ನೇ ಕೇಳಿದೆ.

"ನಿಮ್ಮಪ್ಪ ಹ್ವಾದ ಐತವಾರ ಇಳಕಲ್ಲಿನವರಿಗೆ ಮಾತು ಕೊಟ್ಟು ಬಂದಾನ. ಬರೋ ಸೋಮವಾರ ಅವರು ಲಗ್ನ ನಿಶ್ಚೆ ಮಾಡಾಕ ಸಕ್ಕರಿ ತೊಗೊಂಡು ಬರ್ತಾರ."

ಹೋದ ಭಾನುವಾರ. ಫಲಿತಾಂಶ ಬರುವ ಮುಂಚೆ. ನಾನು ಬೀಳುತ್ತೇನೆ ಅಂತ ಅಪ್ಪನಿಗೆ ಅಷ್ಟು ಖಾತ್ರಿ ಇತ್ತು. ನಾನು ಎರಡು ಸಲ ಫೇಲಾದಾಗ ಆಗದ ನೋವು ಪಾಸಾದ ದಿನ ಆಯಿತು.

"ನೀ ಅಂದಿದ್ದಿ ಅಪ್ಪಾ. ಪಾಸಾದ್ರ ಅಡ್ಡ ಬರಂಗಿಲ್ಲ ಅಂತ."

"ಅಂದಿದ್ದೆ. ಆದ್ರ ಈಗ ಅಲ್ಲಿ ಮಾತು ಕೊಟ್ಟೀನಿ. ನಾಲ್ಕು ಮಂದ್ಯಾಗ ಕೊಟ್ಟ ಮಾತು."

"ನನಗ ಕೊಟ್ಟಿದ್ದು ಮಾತಲ್ಲೇನು? ಮನ್ಯಾಗ ಕೊಟ್ರ ಮಾತಲ್ಲೇನು?"

ಅವನು ಲಾಳಿ ಕೆಳಗಿಟ್ಟು ಎದ್ದು ಹಿತ್ತಿಲಿಗೆ ಹೋದ. ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಜಳಕ ಮಾಡಿ, ಮಗ್ಗಕ್ಕೆ ಕೈ ಮುಗಿದು ಕೂಡಲು ಬರುವಷ್ಟರಲ್ಲಿ ಅವನ ಕುಣಿಯಲ್ಲಿ ಕಾಲು ಇಳಿಬಿಟ್ಟು ನಾನು ಕೂತಿದ್ದೆ. ಒಬ್ಬರ ಮಗ್ಗದಲ್ಲಿ ಇನ್ನೊಬ್ಬರು ಕೂಡುವುದಿಲ್ಲ. ಅಪ್ಪನ ಮಗ್ಗದಲ್ಲಿ ಬಸಣ್ಣನೂ ಎಂದೂ ಕೂತವನಲ್ಲ. ಅವ್ವ ಗಾಬರಿಯಾಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಏಳು."

"ಏಳಂಗಿಲ್ಲ. ಕುಂದ್ರು ಕುಂದ್ರು ಅಂದ್ಯಲ್ಲ ಇಷ್ಟ ವರ್ಷ, ಕುಂತೀನಿ. ನೀ ಇಳಕಲ್ಲಿಗೆ ಹೋಗಿ ಮಾತು ವಾಪಸ್‌ ತೊಗೊಂಡು ಬರೂ ತನಕ ಏಳಂಗಿಲ್ಲ."

"ರತ್ನಿ, ಮಗ್ಗದಾಗ ಸೀರಿ ಐತಿ."

"ಇರ್ಲಿ. ನಾ ಮುಟ್ಟಂಗಿಲ್ಲ."

ಕೈ ಹಿಡಿದು ಎಳೆಯುತ್ತಾನೆ ಅಂದುಕೊಂಡೆ, ಎಳೆಯಲಿಲ್ಲ. ಎಳೆದರೆ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹರಿಯುತ್ತವೆ ಅಂತಲೋ, ಬೇರೆ ಏನೋ, ನನಗೆ ಗೊತ್ತಿಲ್ಲ. ಗಂಗತ್ತಿಯ ಕಡೆ ನೋಡಿದ. ಅವಳು ರಾಟಿ ತಿರುಗಿಸುವುದನ್ನು ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನನ್ನ ಕಡೆ ಏನ ನೋಡ್ತಿ ಇರುಪಾಕ್ಷಿ. ಆಕಿ ಹೇಳೋದು ನನಗ ತಿಳಿಯಾಕ ಹತ್ತೈತಿ," ಅಂದಳು.

ಅಪ್ಪ ಗೂಟದ ಮೇಲಿನ ರುಮಾಲು ತೆಗೆದುಕೊಂಡು ಹೊರಗೆ ಹೋದ. ಎಲ್ಲಿಗೆ ಅಂತ ಹೇಳಲಿಲ್ಲ. ನಾನು ಕೂತೆ. ಮೊದಲ ಒಂದು ತಾಸು ಸಿಟ್ಟಿನಲ್ಲಿ ಹೋಯಿತು. ಆಮೇಲೆ ಬೆನ್ನು ಹಿಡಿಯಿತು, ಕಾಲು ಜೋಮು ಬಂದವು, ಮನಸ್ಸು ಕುಣಿಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಏಳಬೇಕು ಅಂತ ಎಷ್ಟು ಸಲ ಅನಿಸಿತೋ ಲೆಕ್ಕವಿಲ್ಲ. ಗಂಗತ್ತಿ ಮಧ್ಯಾಹ್ನ ರೊಟ್ಟಿ, ಗುರೆಳ್ಳು ಹಿಂಡಿ, ಮೊಸರು ತಂದು ಕುಣಿಯ ದಂಡೆಯ ಮೇಲಿಟ್ಟಳು, ತಾನೂ ಪಕ್ಕದಲ್ಲಿ ಕೂತು ಉಂಡಳು. ಅಪ್ಪ ನಲವತ್ತು ವರ್ಷ ಈ ಜಾಗದಲ್ಲಿ ಹೇಗೆ ಕೂತ ಅಂತ ಅವತ್ತೇ ಮೊದಲ ಸಲ ನಾನು ವಿಚಾರ ಮಾಡಿದೆ. ಆದರೆ ವಿಚಾರ ಮಾಡಿದೆ ಅಂತ ಎದ್ದೇನೂ ಹೋಗಲಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಬಂದ. ಕಾಲು ತೊಳೆದುಕೊಂಡು, ರುಮಾಲು ಗೂಟಕ್ಕೆ ಹಾಕಿ, ಮಗ್ಗದ ಮುಂದೆ ನಿಂತ.

"ಹೇಳಿ ಬಂದೆ."

"ಏನಂತ ಹೇಳಿದಿ?"

"ನಮ್ಮ ಹುಡುಗಿ ಒಂದ ಕಡೆ ಕುಂದ್ರಂಗಿಲ್ಲ, ಮಗ್ಗದ ಮನಿಗೆ ಆಗಾಕಿ ಅಲ್ಲ ಅಂತ. ತಾವ ಬ್ಯಾಡ ಅಂದ್ರು."

ಬೆಳಗಿನಿಂದ ಅಲ್ಲಾಡದೆ ಕೂತವಳು ನಾನು. ತಡೆದುಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಅದನ್ನ ಹೇಳಿ ಬಂದ್ಯಾ? ವಕೀಲಿ ಪಾಸಾಗ್ಯಾಳ ಅಂತ ಹೇಳಾಕ ನಾಲಿಗಿ ಹೊಳ್ಳಲಿಲ್ಲೇನು ನಿನಗ?"

"ಅದನ್ನ ಹೇಳಿದ್ರ ಬಿಡ್ತಿದ್ರೇನು ಅವರು?" ಅಂದ ಅಪ್ಪ. "ಇನ್ನೂ ಗಟ್ಟಿಯಾಗಿ ಹಿಡೀತಿದ್ರು."

ಏಳಲು ನೋಡಿದೆ, ಕಾಲು ಸ್ವಾಧೀನದಲ್ಲಿರಲಿಲ್ಲ. ಅಪ್ಪ ಬಗ್ಗಿ ನನ್ನ ಎರಡೂ ರಟ್ಟೆ ಹಿಡಿದು, ಹಾಸಿನ ಎಳೆಗಳಿಗೆ ಧಕ್ಕೆಯಾಗದ ಹಾಗೆ, ಮೇಲಕ್ಕೆ ಎತ್ತಿ ನಿಲ್ಲಿಸಿದ.

"ನಡಿ ಇನ್ನ," ಅಂದ. "ನಿನ್ನ ಕೋರ್ಟು ಕುಷ್ಟಗ್ಯಾಗ ಐತಿ, ಇಲ್ಲಲ್ಲ."